ಧನುರ್ಮಾಸದಲ್ಲಿ ಬಂದ ಸ್ನೋಬೋರ್ಡು

ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಮಿಲ್ಪಿಟಾಸಿನ ನಮ್ಮ ಸಾಲುಮನೆಗಳಲ್ಲಿ ಮೈಥಿಲಿಯನ್ನು ಅರಿಯದವರು ಕಡಮೆ. ಕಸದ ಡಬ್ಬಿಯನ್ನು ರಸ್ತೆಯಿಂದ ಒಳಗೆಳೆದುಕೊಳ್ಳಲು ಯಾರಾದರೂ ಮರೆತರೆ, ತಾನೇ ಎಳೆದು ಅವರ ಬಾಗಿಲ ಬಳಿ ನಿಲ್ಲಿಸಿ, ಆಮೇಲೆ ಫೋನು ಮಾಡಿ ಗದರಿಸುವ ಹೆಂಗಸು ಅವಳು. ಮೈಸೂರಿನ ಸರಸ್ವತೀಪುರದವಳು, ಇಲ್ಲಿಗೆ ಬಂದು ಇಪ್ಪತ್ತು ವರ್ಷ ಮೀರಿತು. ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ, ತಯಾರಾದ ಸರ್ಕ್ಯೂಟುಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಕೆಲಸ. ನಾನು ಭಾನುವಾರಗಳಂದು ಇಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದ ಕಾಲದಲ್ಲಿ ಅವಳ ಮಗಳು ತನ್ವಿ ನನ್ನ ತರಗತಿಗೆ ಬರುತ್ತಿದ್ದಳು. ಕೇಳಿದ ಪ್ರಶ್ನೆಗೆ ಮಗಳು ಬಾಯಿ ತೆರೆಯುವ ಮೊದಲೇ ಹಿಂದಿನ ಕುರ್ಚಿಯಿಂದ ಕೈಯೆತ್ತಿ ಉತ್ತರ ಹೇಳಿಬಿಡುತ್ತಿದ್ದ ತಾಯಿಯನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಹಿಮದ ಗೀಳು ಅವಳಿಗೆ ಹತ್ತಿದ್ದು ಮಗಳಿಂದಲೇ. ತನ್ವಿಯನ್ನೂ ಅವಳ ಗೆಳತಿಯನ್ನೂ ಚಳಿಗಾಲದಲ್ಲಿ ಟಾಹೋ ಕಡೆಯ ಬೆಟ್ಟಗಳಿಗೆ, ಹಲಗೆಯ ಮೇಲೆ ನಿಂತು ಹಿಮದಲ್ಲಿ ಇಳಿಯುವ ಸ್ನೋಬೋರ್ಡು ಕಲಿಸಲು ಕರೆದೊಯ್ಯುತ್ತಿದ್ದರು. ಆ ಗೆಳತಿಯ ತಾಯಿ ಆಬಿದಾ. ಬೆಂಗಳೂರಿನ ಜಯನಗರದವಳು, ಮೈಥಿಲಿಯ ಕಂಪನಿಯಲ್ಲೇ ಕೆಲಸ ಮಾಡುವವಳು, ಹತ್ತಾರು ವರ್ಷ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗಿ ಬಂದವಳು. ಮಕ್ಕಳು ಹಿಮದಲ್ಲಿ ಬಿದ್ದೆದ್ದು ಕಲಿಯುವಾಗ ಈ ಇಬ್ಬರು ತಾಯಂದಿರು ಬೆಟ್ಟದ ಬುಡದ ಗಾಜಿನ ಗೋಡೆಯ ಕೋಣೆಯಲ್ಲಿ ಕೈಗವಸುಗಳನ್ನೂ ಚಕ್ಕುಲಿಯ ಡಬ್ಬಿಯನ್ನೂ ಕಾಯುತ್ತ ಕುಳಿತಿರುತ್ತಿದ್ದರು. ಮೂರು ಚಳಿಗಾಲ ಹಾಗೆ ಕಾದ ಮೇಲೆ ಬೇಸರ ಬಂದು, ದೊಡ್ಡವರ ಮೊದಲನೆಯ ಪಾಠಕ್ಕೆ ತಾವೂ ಸೇರಿಕೊಂಡರು. ಬಿದ್ದರು, ಎದ್ದರು, ಮನೆಗೆ ಬಂದು ಸೊಂಟಕ್ಕೆ ಮುಲಾಮು ಹಚ್ಚಿಕೊಂಡರು. ಮಕ್ಕಳಿಗೆ ಆ ಆಟ ಸಾಕೆನಿಸಿತು, ತಾಯಂದಿರಿಗೆ ಸಾಕೆನಿಸಲಿಲ್ಲ.

ಆಮೇಲೊಂದು ದಿನ, ತಂತಿಗೆ ತೂಗಿ ಬೆಟ್ಟವೇರುವ ಲಿಫ್ಟಿನ ಕುರ್ಚಿಯಲ್ಲಿ ಹೋಗುತ್ತಿದ್ದಾಗ ಮೈಥಿಲಿ ಕೆಳಗಿನ ಇಳಿಜಾರಿನಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ಕಂಡಳು. ನರೆಗೂದಲ ಜಡೆ, ಹಳೆಯ ಕೋಟು. ಹಲಗೆಯನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಕೈ ಹಿಮಕ್ಕೆ ತಾಗುವಷ್ಟು ಬಾಗಿ, ಆಕೆ ಒಂದು ತಿರುವಿನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಹೋಗುತ್ತಿದ್ದಳು. ಬೇರೆಯವರು ಹಾದುಹೋದ ಕಡೆ ಹಿಮ ಕೆರೆದಂತಾಗಿ ಅಗಲವಾದ ಗುರುತು ಉಳಿಯುತ್ತಿತ್ತು. ಆಕೆಯ ಹಿಂದೆ ಉಳಿದದ್ದು ಮಾತ್ರ ಬಳಪದಿಂದ ಎಳೆದಂಥ ಒಂದೇ ಒಂದು ಸಣ್ಣ ಗೆರೆ.

ಮಾರನೆಯ ದಿನ ಮೈಥಿಲಿ ನನ್ನ ಮನೆಗೆ ಬಂದು ಹೇಳಿದ ಮಾತು ನೆನಪಿದೆ. "ಜಾರೋದು ಬೇರೆ, ಕೊರೆಯೋದು ಬೇರೆ, ಮೇಷ್ಟ್ರೇ. ನಾನು ಇಷ್ಟು ವರ್ಷ ಬರೀ ಜಾರ್ತಾ ಇದ್ದೆ."

ಅಂದಿನಿಂದ ಅವಳಿಗಿದ್ದದ್ದು ಒಂದೇ ಆಸೆ. ಒಂದು ಇಳಿಜಾರನ್ನು ತುದಿಯಿಂದ ಬುಡದವರೆಗೆ, ಎಲ್ಲಿಯೂ ಜಾರದೆ, ಗೆರೆ ಒಡೆಯದಂತೆ ಒಮ್ಮೆ ಇಳಿಯಬೇಕು. ನಿಂತು ಹಿಂತಿರುಗಿ ಆ ಗೆರೆಯನ್ನು ನೋಡಬೇಕು. ಇದನ್ನು ಇಲ್ಲಿಯವರು ಕಾರ್ವಿಂಗ್ ಎನ್ನುತ್ತಾರೆ. ಅದಕ್ಕೆ ಬೇಕಾದವು ಎರಡು: ಸವಾರರ ಪಾದಕ್ಕೆ ಹೊಂದುವ ಗಟ್ಟಿ ಹಲಗೆ, ಮತ್ತು ರಾತ್ರಿ ಯಂತ್ರಗಳು ಬಾಚಿ ನಯಮಾಡಿಟ್ಟ ಹಿಮ. ಬೆಳಿಗ್ಗೆ ಲಿಫ್ಟು ತೆರೆದ ಸ್ವಲ್ಪ ಹೊತ್ತಿನಲ್ಲಿಯೇ ಜನ ಹರಿದಾಡಿ ಆ ನಯ ಹಾಳಾಗಿಬಿಡುತ್ತದೆ. ಬೇಗ ಹೋದವರಿಗಷ್ಟೇ ಸಿಗುವ ವಸ್ತು ಅದು. ಬೇಗ ಹೊರಡುವ ಅಭ್ಯಾಸ ಮೈಥಿಲಿಯ ಮನೆಯಲ್ಲಿ ಅವಳೊಬ್ಬಳನ್ನು ಬಿಟ್ಟು ಇನ್ನಾರಿಗೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳೊಂದು ಹಲಗೆ ಕೊಂಡು, ಆಮೇಲೆ ಮಾರಿಬಿಟ್ಟಿದ್ದಳು. ಅದನ್ನು ಕೊಂಡದ್ದು ಧನುರ್ಮಾಸದಲ್ಲಿ. ಮೊದಲನೆಯ ದಿನವೇ ಬಿದ್ದು ಮಣಿಕಟ್ಟು ಮುರಿಯಿತು. ಧನುರ್ಮಾಸ ಶೂನ್ಯಮಾಸ, ಹೊಸ ವಸ್ತುವನ್ನಾಗಲಿ ವಾಹನವನ್ನಾಗಲಿ ಮನೆಗೆ ತರುವುದಿಲ್ಲ ಎಂಬುದು ನಮ್ಮ ಕಡೆಯ ನಡವಳಿಕೆ. ಜೊತೆಯಲ್ಲಿರುವ ಅವಳ ಅತ್ತೆ ಲಿಂಗಮ್ಮನವರು ಆಗ ಒಂದು ಮಾತೂ ಆಡಲಿಲ್ಲ. ಪ್ಲಾಸ್ಟರು ಹಾಕಿದ ಕೈಯ ಸೊಸೆಗೆ ತಾವೇ ತಲೆ ಬಾಚುತ್ತಿದ್ದರು. ಆಡಿದವರು ಉಳಿದವರೆಲ್ಲ. ಮೈಸೂರಿನಿಂದ ನಾದಿನಿ, ಫ್ರೀಮಾಂಟಿನಿಂದ ಓರಗಿತ್ತಿ, ಸತ್ಯನಾರಾಯಣ ಪೂಜೆಗೆ ಹೋದಲ್ಲಿ ಊಟದ ಪಂಕ್ತಿಯವರು, ಹೀಗೆ ಪ್ರತಿಯೊಬ್ಬರೂ ಹೇಳಿದ್ದನ್ನೇ ಹೇಳಿದರು. ಮೈಥಿಲಿ ಇದನ್ನು ನಂಬುವವಳಲ್ಲ. ಆದರೂ ಇನ್ನೊಮ್ಮೆ ಅದೇ ಮಾತು ಕೇಳಿಸಿಕೊಳ್ಳುವ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

ಈ ಚಳಿಗಾಲ ಇನ್ನೂ ಇಕ್ಕಟ್ಟಾಗಿತ್ತು. ಕಂಪನಿಯವರು ಅವಳನ್ನು ಫೆಬ್ರವರಿಯ ಆರಂಭಕ್ಕೆ ತೈವಾನಿನ ಕಾರ್ಖಾನೆಗೆ ಕಳಿಸುವುದೆಂದು ತೀರ್ಮಾನಿಸಿದ್ದರು. ಮರಳಿ ಬರುವ ವೇಳೆಗೆ ಇಲ್ಲಿ ಹಿಮ ಕರಗಿ ಹುಲ್ಲು ಬಂದಿರುತ್ತದೆ. ಆಗಬೇಕಾದದ್ದೆಲ್ಲ ಜನವರಿಯೊಳಗೆ ಆಗಬೇಕು. ಮುಂದಿನ ವರ್ಷಕ್ಕೆ ಐವತ್ತು ತುಂಬುತ್ತದೆ; ಬಲಮೊಣಕಾಲು ಮೆಟ್ಟಿಲಿಳಿಯುವಾಗ ಈಗಾಗಲೇ ಕಟಕಟ ಎನ್ನುತ್ತದೆ.

ಹಲಗೆ ಆರಿಸುವುದೇ ಒಂದು ದೊಡ್ಡ ಗೋಳಾಯಿತು. ಗಂಡ ಅಚ್ಯುತ ಒಳ್ಳೆಯವನು, ಲಾಸ್ ಗ್ಯಾಟೋಸಿನಲ್ಲಿ ಕೆಲಸ, ಹಿಮದ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. ಆದರೆ ಅಭಿಪ್ರಾಯಕ್ಕೆ ಬರವಿಲ್ಲ. ಸ್ವಲ್ಪ ದೊಡ್ಡದನ್ನೇ ಕೊಂಡರೆ ತನ್ವಿಗೂ ಆಗುತ್ತದೆ, ತಾನೂ ಮುಂದೆ ಕಲಿಯಬಹುದು, ಒಂದೇ ಹಲಗೆಯಲ್ಲಿ ಮನೆಮಂದಿಗೆಲ್ಲ ಮುಗಿಯುತ್ತದೆ ಎಂದು ವಾದಿಸಿದ. ಮೈಥಿಲಿಯ ಪಾದವೋ ಚಿಕ್ಕದು. ಹಲಗೆಯ ನಡು ಅವಳ ಪಾದಕ್ಕಿಂತ ಅಗಲವಾದರೆ ಅದನ್ನು ಅಂಚಿನ ಮೇಲೆ ನಿಲ್ಲಿಸುವುದು ಲಾರಿಯನ್ನು ಒಂದೇ ಕಡೆಯ ಚಕ್ರಗಳ ಮೇಲೆ ಓಡಿಸಿದಂತೆ. ಅಂಗಡಿಗಳಲ್ಲಿದ್ದ ಕಾರ್ವಿಂಗ್ ಹಲಗೆಗಳೆಲ್ಲ ದೊಡ್ಡ ಪಾದದ ಎತ್ತರದ ಗಂಡಸರನ್ನು ನೆನೆದು ಮಾಡಿದವು. ಹೆಂಗಸರಿಗೆಂದು ಇಟ್ಟವು ಕಿರಿದಾಗಿದ್ದವು, ಆದರೆ ಚಪಾತಿಯಂತೆ ಬಾಗುತ್ತಿದ್ದವು. ವೇಗ ಹೆಚ್ಚಿದರೆ ಅಂಚು ಹಿಡಿತ ಬಿಡುತ್ತಿತ್ತು. ಒಂದು ಅಂಗಡಿಯ ಹುಡುಗ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಗಳಿಗೋ ಎಂದು ಕೇಳಿದನಂತೆ. ಆ ಶನಿವಾರ ಅವಳು ನಮ್ಮ ಮನೆಯಲ್ಲಿ ಎರಡು ಲೋಟ ಕಾಫಿ ಕುಡಿದರೂ ಸಿಟ್ಟು ಇಳಿಯಲಿಲ್ಲ.

ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ಅಂಗಡಿಯಲ್ಲಿ, ಬೂಟು ಸಮೇತ ಅವಳ ಕಾಲನ್ನು ಹಲಗೆಯ ಮೇಲಿಟ್ಟು ನೋಡಿದ ಹೆಂಗಸೊಬ್ಬಳು, ನಿನಗೆ ಸರಿಹೋಗುವುದು ಇದೊಂದೇ ಎಂದು ಕಂಪ್ಯೂಟರಿನ ತೆರೆಯ ಮೇಲೆ ತೋರಿಸಿದಳು. ಗಟ್ಟಿಯಾದದ್ದು, ಉದ್ದನೆಯ ಅಂಚು, ಕಿರಿದಾದ ನಡು. ಆ ಅಳತೆಯಲ್ಲಿ ತಯಾರಕರ ಬಳಿ ಒಂದೇ ಒಂದು ಉಳಿದಿತ್ತು. ಈಗಲೇ ಹೇಳಿದರೆ ಡಿಸೆಂಬರಿನ ಕೊನೆಗೆ ಮನೆಗೆ ಬರುತ್ತದೆ. ಸಂಕ್ರಾಂತಿಯವರೆಗೆ ತೆಗೆದಿಡಲು ಆಗುವುದಿಲ್ಲ. ಡಿಸೆಂಬರಿನ ಕೊನೆಯೆಂದರೆ ಧನುರ್ಮಾಸದ ನಟ್ಟನಡುವೆ.

ಆ ಸಂಜೆ ಆಫೀಸಿನಿಂದ ಬರುವಾಗ ಕಾರಿನಲ್ಲಿ ಆಬಿದಾ ದಾರಿ ಹೇಳಿಕೊಟ್ಟಳು. ನನ್ನ ಹೆಸರಿಗೆ ತರಿಸು, ನಮ್ಮ ಗ್ಯಾರೇಜಿನಲ್ಲಿ ಇರಲಿ, ಸಂಕ್ರಾಂತಿಯ ಮಾರನೆಯ ದಿನ ಎಳ್ಳುಬೆಲ್ಲ ಕೊಟ್ಟು ತೆಗೆದುಕೊಂಡು ಹೋಗು. ನಮ್ಮ ಮನೆಗೆ ಧನುರ್ಮಾಸ ಇಲ್ಲವಲ್ಲ ಎಂದಳು. ಮೈಥಿಲಿಗೆ ಇದು ಸರಿಯೆನಿಸಿತು. ಮನೆಗೆ ಬಂದು ಅತ್ತೆಗೆ ತಿಳಿಸಿದಳು. ಲಿಂಗಮ್ಮನವರು ಸ್ವಲ್ಪ ಯೋಚಿಸಿ, ಬೇರೆಯವರ ಮನೆಯಲ್ಲಿದ್ದರೆ ನಮ್ಮದಲ್ಲ, ಇರಲಿ ಎಂದರು.

ಹಲಗೆ ಬಂದಿತು. ಅದರ ಹಿಂದೆಯೇ ಹಿಮವೂ ಬಂದಿತು. ಎಷ್ಟೋ ವರ್ಷಗಳಲ್ಲಿ ಕಾಣದಷ್ಟು ಹಿಮ ಆ ಕ್ರಿಸ್‌ಮಸ್ ವಾರದಲ್ಲಿ ಬಿದ್ದಿತು. ಬೆಟ್ಟಗಳ ಮೇಲೆ ಇಟ್ಟಿರುವ ಕ್ಯಾಮೆರಾಗಳ ಚಿತ್ರವನ್ನು ಮೈಥಿಲಿ ಫೋನಿನಲ್ಲಿ ನೋಡುವಳು, ನಿಟ್ಟುಸಿರು ಬಿಡುವಳು, ಮತ್ತೆ ನೋಡುವಳು. ಅಡಿಗೆಮನೆಯಲ್ಲಿ ಲಿಂಗಮ್ಮನವರು ಸೂರ್ಯೋದಯಕ್ಕೆ ಮುಂಚೆ ಎದ್ದು ಮಾಡಿದ ಹುಗ್ಗಿಯನ್ನು ತಟ್ಟೆಗೆ ಬಡಿಸುತ್ತಿದ್ದರು; ಸೊಸೆ ಫೋನಿನ ಮೇಲೆ ಕಣ್ಣಿಟ್ಟೇ ತಿನ್ನುತ್ತಿದ್ದಳು. ಆಬಿದಾಳ ಗ್ಯಾರೇಜಿಗೆ ಹೋಗಿ ಹಲಗೆಯನ್ನೊಮ್ಮೆ ಮುಟ್ಟಿ ಬರೋಣ ಎಂದು ಹೊರಟವಳು, ಮುಟ್ಟಿದರೆ ಬಿಟ್ಟು ಬರುವುದು ಕಷ್ಟವೆಂದು ಅರ್ಧದಾರಿಯಿಂದ ತಿರುಗಿ ಬಂದದ್ದೂ ಉಂಟು.

ಹೊಸ ವರ್ಷ ಕಳೆದ ಮೊದಲ ವಾರದಲ್ಲಿ ಆಬಿದಾ ಹಲ್ವದ ಡಬ್ಬಿ ಹಿಡಿದು ಬಂದಳು. ನಾನು ಆಗ ಅಲ್ಲಿಯೇ ಇದ್ದೆ. ಅವಳ ಮುಖದಲ್ಲಿ ಒಳ್ಳೆಯ ಸುದ್ದಿ ತಂದವರ ಕಳೆಯಿತ್ತು.

"ನಿನ್ನ ಪ್ರಾಬ್ಲಮ್ಮು ಸಾಲ್ವ್ ಮಾಡಿದೀನಿ ಕಣೇ," ಎಂದಳು. "ನಿನ್ನೆ ನಿನ್ನ ಬೋರ್ಡು ತಗೊಂಡು ಬೆಟ್ಟಕ್ಕೆ ಹೋಗಿದ್ದೆ. ಇಡೀ ದಿನ ಓಡಿಸ್ದೆ. ಈಗ ಅದು ಹೊಸಾದಲ್ಲ. ಸೆಕೆಂಡ್‌ಹ್ಯಾಂಡು. ನೀನು ಸಂಕ್ರಾಂತಿ ತನಕ ಕಾಯ್ಬೇಕಾಗಿಲ್ಲ."

ಆಬಿದಾ ಲಿಂಗಮ್ಮನವರ ಕಡೆ ತಿರುಗಿ ಕೇಳಿದಳು: "ಅಲ್ವಾ ಅಮ್ಮ? ಯಾರೋ ಯೂಸ್ ಮಾಡಿದ್ಮೇಲೆ ಹೊಸಾದು ಅಂತ ಆಗತ್ತಾ?"

ಲಿಂಗಮ್ಮನವರು ಹುಣಿಸೆಹಣ್ಣು ಬಿಡಿಸುತ್ತಿದ್ದ ಕೈ ನಿಲ್ಲಿಸಿದರು. ಆ ಹಲಗೆಗೆ ಗೀರು ಬಿದ್ದಿದೆಯೇ ಎಂದು ಕೇಳಿದರು. ಬಿದ್ದಿದೆ, ಒಂದೆರಡು ಎಂದು ಆಬಿದಾ ಒಪ್ಪಿಕೊಂಡಳು. "ಹಾಗಾದ್ರೆ ಹಳೇದೇ," ಎಂದರು ಲಿಂಗಮ್ಮನವರು. "ಹಳೇ ಸಾಮಾನಿಗೆ ಯಾವ ಮಾಸಾನೂ ಇಲ್ಲ. ತಗೊಂಡ್ ಬಾಮ್ಮ."

ಎಲ್ಲರೂ ಹಲ್ವ ತಿಂದೆವು. ಮೈಥಿಲಿಯೂ ತಿಂದು, ಥ್ಯಾಂಕ್ಸ್ ಕಣೇ ಎಂದಳು. ಆಬಿದಾ ಹೋದ ಮೇಲೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದವಳು ತಗ್ಗಿದ ದನಿಯಲ್ಲಿ ಹೇಳಿದಳು: "ಅವಳು ಪ್ರೀತಿಯಿಂದ ಮಾಡಿದ್ದೇ, ಗೊತ್ತು. ಆದ್ರೆ ಅದರ ಮೊದಲ್ನೇ ಗೆರೆ ನಂದಾಗ್ಬೇಕಿತ್ತು ಮೇಷ್ಟ್ರೇ. ಎಷ್ಟು ಅಂಗಡಿ ಸುತ್ತಿದೀನಿ ನಾನು." ಗಾಡಿ ಕೊಂಡವನು ಕೀಲಿಯನ್ನು ಬೇರೆಯವರ ಕೈಯಲ್ಲಿ ಕಂಡಂತೆ ಇತ್ತು ಅವಳ ಮುಖ. ನಾನು ಚಪ್ಪಲಿ ಮೆಟ್ಟಿಕೊಂಡೆ.

ಮುಂದಿನ ಶನಿವಾರವೇ ಹೊರಡುವುದೆಂದಾಯಿತು. ಬೆಳಗಿನ ಜಾವ ಹೊರಟರೆ ನಾಲ್ಕು ಗಂಟೆಯ ದಾರಿ. ಲಿಫ್ಟು ತೆರೆಯುವ ವೇಳೆಗೆ ಬೆಟ್ಟದ ಬುಡದಲ್ಲಿರಬಹುದು. ಮೈಥಿಲಿ ಒಬ್ಬಳೇ ಹೋಗುತ್ತೇನೆಂದಳು. ಅಷ್ಟು ದೂರ, ಹಿಮದ ರಸ್ತೆ, ಒಬ್ಬಳೇ ಹೇಗೆ ಎಂದ ಅಚ್ಯುತ ತಾನೂ ಹೊರಟ. ಅವನು ಹೊರಟ ಮೇಲೆ, ಹಿಮ ಕಂಡು ಎಷ್ಟು ಕಾಲವಾಯಿತು ಎಂದು ಲಿಂಗಮ್ಮನವರು ಹೊರಟರು. ಲಿಂಗಮ್ಮನವರಿಗೆ ಹಿಂದಿನ ಸೀಟಿನಲ್ಲಿ ಜೊತೆ ಬೇಕೆಂದು ನನ್ನನ್ನೂ ಕರೆದರು. ಬೇಡವೆನ್ನಬೇಕಾಗಿತ್ತು, ಹಿಮ ನೋಡುವ ಆಸೆಗೆ ಒಪ್ಪಿದೆ.

ಕತ್ತಲಿರುವಾಗಲೇ ಮೈಥಿಲಿ ಕಾರಿನ ಬಳಿ ನಿಂತಿದ್ದಳು. ಆದರೆ ಹುಗ್ಗಿಯ ನೈವೇದ್ಯ ಆಗದೆ ಲಿಂಗಮ್ಮನವರು ಹೊಸಿಲು ದಾಟುವ ಹಾಗಿಲ್ಲ. ನೈವೇದ್ಯವಾದ ಮೇಲೆ ಹುಗ್ಗಿ, ಗೊಜ್ಜು, ಮೊಸರನ್ನ ಡಬ್ಬಿಗಳಿಗೆ ತುಂಬಬೇಕು. ಅಚ್ಯುತ, ಹಿಮದಲ್ಲಿ ಜಾರದಂತೆ ಟೈರಿಗೆ ಕಟ್ಟುವ ಸರಪಳಿ ಎಲ್ಲಿಟ್ಟೆನೆಂದು ಗ್ಯಾರೇಜನ್ನೆಲ್ಲ ಕೆದಕಿದ. ಹೊರಟಾಗ ಬೀದಿಯಲ್ಲಿ ಬಿಸಿಲು ಬಿದ್ದಿತ್ತು. ಬೆನಿಷಿಯಾದ ಸೇತುವೆ ದಾಟಿ ಎಂಬತ್ತನೆಯ ಫ್ರೀವೇ ಹಿಡಿಯುವಷ್ಟರಲ್ಲಿ ಇಡೀ ಬೇ ಏರಿಯಾ ನಮ್ಮ ಮುಂದೆ ಸಾಲುಗಟ್ಟಿತ್ತು. ಪ್ರತಿ ಕಾರಿನ ತಲೆಯ ಮೇಲೂ ಒಂದೊಂದು ಹಲಗೆ. ಸ್ಯಾಕ್ರಮೆಂಟೊದಲ್ಲಿ ಅಚ್ಯುತನಿಗೆ ಕಾಫಿ ಬೇಕಾಯಿತು. ಘಟ್ಟ ಏರಿದ ಮೇಲೆ, ಸರಪಳಿ ಇಲ್ಲದ ಗಾಡಿಗಳನ್ನು ಮುಂದೆ ಬಿಡುವುದಿಲ್ಲವೆಂದು ತಡೆದರು. ಅಚ್ಯುತ ಸರಪಳಿಯನ್ನು ಹಿಂದಿನ ಚಕ್ರಗಳಿಗೆ ಕಟ್ಟಿ ಬೆವರೊರೆಸಿಕೊಂಡು ಎದ್ದ. ಆ ಕಾರಿಗೆ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಮೈಥಿಲಿ ಕೈಗವಸು ಕಿತ್ತೆಸೆದು ತಾನೇ ಹಿಮದಲ್ಲಿ ಮಂಡಿಯೂರಿ ಕಟ್ಟಿದಳು. ಲಿಂಗಮ್ಮನವರು ಕಿಟಕಿ ಇಳಿಸಿ, ಸ್ವಲ್ಪ ಹುಗ್ಗಿ ತಿಂತೀಯೇನಮ್ಮ ಎಂದು ಕೇಳಿದರು. ಅವಳು ಸರಪಳಿಯ ಕೊಂಡಿಯನ್ನು ಎಳೆದು ಬಿಗಿದಳು.

ನಾವು ತಲುಪಿದಾಗ ಜನ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಅಲ್ಲಿಯೂ ಒಂದು ತೊಡಕು ಕಾದಿತ್ತು. ಆಬಿದಾ ಹಲಗೆಯ ಮೇಲೆ ನಿಲ್ಲುವುದು ಬಲಗಾಲು ಮುಂದಿಟ್ಟು. ಮೈಥಿಲಿ ಎಡಗಾಲು ಮುಂದಿಡುವವಳು. ಕಾಲು ಬಿಗಿಯುವ ಬೈಂಡಿಂಗುಗಳು ಆಬಿದಾಳ ಕಾಲಿಗೆ ತಕ್ಕಂತೆಯೇ ಇದ್ದವು. ಅವುಗಳನ್ನು ಬಿಚ್ಚಿ ತಿರುಗಿಸಲು ಸ್ಕ್ರೂಡ್ರೈವರು ಹುಡುಕಿ, ಸರದಿಯಲ್ಲಿ ನಿಂತು, ಸರಿಮಾಡಿಕೊಂಡು ಅವಳು ಲಿಫ್ಟು ಹತ್ತುವ ಹೊತ್ತಿಗೆ ಇಳಿಜಾರು ಉತ್ತ ಹೊಲದಂತಾಗಿತ್ತು. ಗಾಜಿನ ಹಿಂದೆ ಕುಳಿತು ನಾನೂ ಲಿಂಗಮ್ಮನವರೂ ನೋಡುತ್ತಿದ್ದೆವು. ಅವಳು ಹಲಗೆಯನ್ನು ಅಂಚಿಗೆ ನಿಲ್ಲಿಸುತ್ತಾಳೆ, ಅಂಚು ಯಾವುದೋ ಹೆಂಟೆಗೆ ತಾಗಿ ಸಿಡಿಯುತ್ತದೆ, ಬೀಳುತ್ತಾಳೆ. ಮತ್ತೆ ಅಂಚು, ಮತ್ತೆ ಹೆಂಟೆ. "ಪಾಪ, ಎಷ್ಟು ಆಸೆಪಟ್ಟು ತರಿಸ್ಕೊಂಡ್ಳು," ಎಂದರು ಲಿಂಗಮ್ಮನವರು. ತಮ್ಮ ಹುಗ್ಗಿಯಿಂದ ತಡವಾಯಿತೆಂದು ಅವರಿಗೆ ಅಲ್ಲಿಯೇ ಹೊಳೆದಿರಬೇಕು.

ಮರಳುವಾಗ ಅಚ್ಯುತ ಸಮಾಧಾನ ಹೇಳಲು ಹೋಗಿ, ಒಟ್ಟಿನಲ್ಲಿ ಒಳ್ಳೆಯ ಔಟಿಂಗ್ ಆಯಿತು ಎಂದ.

"ನಿಮಗೆ ಔಟಿಂಗು ರೀ," ಎಂದಳು ಮೈಥಿಲಿ. "ನಂಗೆ ಒಂದು ಗೆರೆ ಬೇಕಿತ್ತು."

ಎರಡನೆಯ ಪ್ರಯತ್ನದ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಸಂಕ್ರಾಂತಿ ಕಳೆದ ಶನಿವಾರ ಗಂಡಹೆಂಡಿರಿಬ್ಬರೇ ಬೇಗ ಹೊರಟರು. ಬಿರುಗಾಳಿ ಬಂದು ಘಟ್ಟದ ರಸ್ತೆ ಮುಚ್ಚಿತು. ಆಬರ್ನ್ ಊರಿನ ಪೆಟ್ರೋಲು ಬಂಕಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದು, ಅಚ್ಯುತ ಎರಡು ಸಲ ನಿದ್ದೆ ಮಾಡಿ ಎದ್ದ ಮೇಲೆ ಹಿಂದಿರುಗಿದರು. ಅದರ ಮುಂದಿನ ವಾರ ತೈವಾನಿನ ಸಿದ್ಧತೆಯ ಮೀಟಿಂಗುಗಳು ಶನಿವಾರವನ್ನೂ ನುಂಗಿದವು. ಅವಳು ಆಗ ಯಾರೊಡನೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಕಸದ ಡಬ್ಬಿಗಳು ರಸ್ತೆಯಲ್ಲಿಯೇ ಉಳಿದವು. ನಮ್ಮ ಸಾಲಿನವರಿಗೆ ಅದು ಬೈಗುಳಕ್ಕಿಂತ ಹೆಚ್ಚು ಕಳವಳ ತಂದಿತು.

ಜನವರಿಯ ಕೊನೆಯ ಮಂಗಳವಾರ ಅವಳೂ ಆಬಿದಾಳೂ ಆಫೀಸಿಗೆ ರಜೆ ಹಾಕಿದರು. ಹಿಂದಿನ ದಿನ ಲಿಂಗಮ್ಮನವರು ಸೊಸೆಯ ಕೈಗೆ ಬ್ರೆಡ್ಡಿನ ಪೊಟ್ಟಣ ಕೊಟ್ಟು, ಅಡಿಗೆ ಏನೂ ಬೇಡ, ನೀನು ಹೊರಡು ಸಾಕು ಎಂದರಂತೆ. ಈ ಸಲ ಟಾಹೋದ ದೊಡ್ಡ ಬೆಟ್ಟಗಳನ್ನು ಬಿಟ್ಟು, ದಕ್ಷಿಣದ ಕಡೆಯಿಂದ ಏರುವ ಒಂದು ಸಣ್ಣ ಬೆಟ್ಟವನ್ನು ಆರಿಸಿಕೊಂಡರು. ಲಿಫ್ಟು ಕಡಮೆ, ಜನವೂ ಕಡಮೆ. ಗಾಡಿ ಆಬಿದಾಳದು, ನಾಲ್ಕು ಚಕ್ರಕ್ಕೂ ಬಲವಿರುವಂಥದ್ದು. ಟ್ರೇಸಿ ಊರು ದಾಟುವಾಗ ಮಂಜು, ಆಮೇಲೆ ಬಾದಾಮಿ ತೋಟಗಳು, ಆಮೇಲೆ ತಿರುವುಗಳು. ದಾರಿಯಲ್ಲಿ ಎಲ್ಲಿಯೂ ನಿಲ್ಲಿಸಲಿಲ್ಲ. ಲಿಫ್ಟು ಇನ್ನೂ ತಿರುಗದಿದ್ದಾಗಲೇ ಸರದಿಯ ಮೊದಲನೆಯವರಾಗಿ ನಿಂತರು. ಇದನ್ನೆಲ್ಲ ಅವರಿಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಎರಡು ಹೇಳಿಕೆಗಳಲ್ಲಿ ವ್ಯತ್ಯಾಸ ಸ್ವಲ್ಪವೇ.

ಬೆಟ್ಟದ ತುದಿಯಲ್ಲಿ ಹಿಮ ಈಗ ತಾನೇ ಬಾಚಿದ ತಲೆಯಂತಿತ್ತು. ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಆಬಿದಾ ತನ್ನ ಹಳೆಯ ಹಲಗೆಯ ಮೇಲೆ ಪಕ್ಕಕ್ಕೆ ಸರಿದು ನಿಂತು, ನೀನು ಮೊದಲು ಹೋಗು ಎಂದಳು. ಮೈಥಿಲಿ ಹೊರಟಳು. ಕಿರಿದಾದ ನಡುವಿನ ಆ ಹಲಗೆ, ಪಾದ ಹೇಳಿದ್ದನ್ನು ಆ ಕ್ಷಣವೇ ಕೇಳಿತು. ಅಂಚು ಹಿಮದೊಳಗೆ ಇಳಿದು ಹಿಡಿದುಕೊಂಡಿತು. ಕೆರೆಯುವ ಸದ್ದಿಲ್ಲ, ಬಟ್ಟೆ ಹರಿದಂಥ ಒಂದು ಸಣ್ಣ ಸದ್ದು ಮಾತ್ರ. ಎಡಕ್ಕೊಂದು ತಿರುವು, ಬಲಕ್ಕೊಂದು ತಿರುವು, ಮತ್ತೆ ಎಡಕ್ಕೆ. ಇಳಿಜಾರಿನ ಅರ್ಧದವರೆಗೆ ಹಾಗೆಯೇ ಬಂದಳು. ಆಗ, ಇಷ್ಟು ದಿನ ತಡೆದ ಆಸೆಯನ್ನು ಇನ್ನರ್ಧ ನಿಮಿಷ ತಡೆಯಲಾರದೆ, ಗೆರೆ ಹೇಗೆ ಬಂದಿದೆಯೆಂದು ಹಿಂತಿರುಗಿ ನೋಡಿದಳು.

ತಲೆ ತಿರುಗಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಹಲಗೆ ಜಾರುತ್ತದೆ. ಜಾರಿತು. ಅವಳು ಬೀಳಲಿಲ್ಲ, ಹಿಮವನ್ನು ಅಗಲಕ್ಕೆ ಕೆರೆದು ನಿಂತಳು. ಮೇಲಿನರ್ಧದಲ್ಲಿ ಸಣ್ಣ ಗೆರೆ, ಆಮೇಲೆ ಕಸ ಗುಡಿಸಿದಂಥ ಗುರುತು.

ಆಬಿದಾ ಆ ಗೆರೆಯನ್ನು ಮೆಟ್ಟದಂತೆ ಬದಿಯಿಂದ ಇಳಿದು ಬಂದಳು. ಅರ್ಧ ಬಂತಲ್ಲ, ಇನ್ನೇನು ಬೇಕು ಎಂದಳು.

"ಅರ್ಧ ಬರೋದಕ್ಕೆ ನಾನಿಷ್ಟು ದೂರ ಬಂದಿಲ್ಲ ಕಣೇ," ಎಂದಳು ಮೈಥಿಲಿ.

ಮತ್ತೆ ಮೇಲೆ ಹೋದರು. ಅಷ್ಟರಲ್ಲಿ ಬಸ್ಸೊಂದು ಬಂದು ಶಾಲೆಯ ಮಕ್ಕಳು ಇಳಿಜಾರಿನ ತುಂಬ ಹರಡಿದ್ದರು. ಬಿಸಿಲೂ ಏರಿತ್ತು. ಬಾಚಿದ ಹಿಮ ಮೆತ್ತಗಾಗಿ ಅಂಚಿಗೆ ಹಿಡಿತ ಸಿಗಲಿಲ್ಲ. ಇನ್ನೊಮ್ಮೆ, ಇನ್ನೂ ಒಮ್ಮೆ ಎಂದು ಮೊಣಕಾಲು ಸೆಟೆದುಕೊಳ್ಳುವವರೆಗೆ ಇಳಿದಳು. ಆ ಮೊದಲನೆಯ ಅರ್ಧದಷ್ಟೂ ಮತ್ತೆ ಬರಲಿಲ್ಲ. ಹಿಂದಿರುಗುವ ದಾರಿಯಲ್ಲಿ ತನ್ನನ್ನು ತಾನೇ ಬೈದುಕೊಂಡಳು. ಅತ್ತೆಯ ಹುಗ್ಗಿ, ಗಂಡನ ಸರಪಳಿ, ಮುಚ್ಚಿದ ರಸ್ತೆ, ಯಾವುದೂ ಇಲ್ಲದ ದಿನ ತಾನೇ ಕೆಡಿಸಿಕೊಂಡೆನೆಂಬುದು ಅವಳಿಗೆ ನುಂಗಲಾಗಲಿಲ್ಲ. ಆಬಿದಾ ರೇಡಿಯೋ ಹಾಕಿದಳು, ಆರಿಸಿದಳು. ಕೊನೆಗೆ, ತೈವಾನಿಗೆ ಹೋಗುವುದನ್ನು ಎರಡು ವಾರ ಮುಂದೂಡಲು ಕೇಳಬಾರದೇ ಎಂದಳು. ಕೇಳಿದ್ದೆ, ಆಗುವುದಿಲ್ಲವೆಂದರು ಎಂದಳು ಮೈಥಿಲಿ. ಅವಳು ಕೇಳಿದ್ದಳೆಂಬುದು ಅಚ್ಯುತನಿಗೂ ಗೊತ್ತಿರಲಿಲ್ಲ.

ಮನೆಯ ಮುಂದೆ ಇಳಿಯುವಾಗ ಅವಳು ಹಲಗೆಯನ್ನು ಗಾಡಿಯಿಂದ ತೆಗೆಯಲಿಲ್ಲ. ಆಬಿದಾ ನೆನಪಿಸಿದಳು.

"ನೀನೇ ಇಟ್ಕೋ," ಎಂದಳು ಮೈಥಿಲಿ. "ಸುಮ್ನೆ ಇಟ್ರೆ ಅಂಚು ತುಕ್ಕು ಹಿಡಿಯತ್ತೆ. ಹಿಮ ಇರೋವರ್ಗೂ ಓಡಿಸು." ಗಾಡಿಯ ಬಾಗಿಲು ಮುಚ್ಚುತ್ತ ಸೇರಿಸಿದಳು: "ಹಿಂದಕ್ಕೆ ತಿರುಗಿ ನೋಡ್ಬೇಡ, ಅಷ್ಟೇ."

ಅವಳು ತೈವಾನಿಗೆ ಹೋದ ಮೇಲೆ ನಮ್ಮ ಸಾಲು ಸಪ್ಪಗಾಯಿತು. ಮಾರ್ಚಿನ ಒಂದು ಭಾನುವಾರ ಅವಳ ಕರೆ ಬಂದಿತು. ಅಲ್ಲಿಯ ಸೆಖೆ, ಕಾರ್ಖಾನೆಯ ಊಟ, ಲಿಂಗಮ್ಮನವರ ಬಿ.ಪಿ. ಇವುಗಳ ಮಾತು ಮುಗಿದ ಮೇಲೆ, ಮೇಷ್ಟ್ರೇ, ನಿಮಗೊಂದು ಫೋಟೋ ಕಳಿಸಿದ್ದೇನೆ ನೋಡಿ ಎಂದಳು. ತೆರೆದು ನೋಡಿದೆ. ಬಿಳಿಯ ಇಳಿಜಾರು, ಎರಡು ಕಡೆ ಕಪ್ಪು ಮರಗಳು, ತುದಿಯಿಂದ ಬುಡದವರೆಗೆ ಬಳಕುತ್ತ ಇಳಿದ ಒಂದು ಸಣ್ಣ ಗೆರೆ. ಆಬಿದಾ ಹಿಂದಿನ ದಿನ ಬೆಳಿಗ್ಗೆ ಆ ಹಲಗೆಯಲ್ಲಿ ಇಳಿದು, ಮತ್ತೆ ಮೇಲೇರುವಾಗ ಲಿಫ್ಟಿನಿಂದ ತೆಗೆದು ಕಳಿಸಿದ್ದಳಂತೆ. ಜೊತೆಗೆ ಒಂದಕ್ಷರವನ್ನೂ ಬರೆದಿರಲಿಲ್ಲವಂತೆ.

ಬಹಳ ಚೆನ್ನಾಗಿದೆ ಎಂದೆ. ಎಂದ ಮೇಲೆ, ಆ ಮಾತು ಬೇಡವಾಗಿತ್ತೇನೋ ಎನಿಸಿತು.

"ಹೊಟ್ಟೆ ಉರೀತು ಮೇಷ್ಟ್ರೇ, ಸುಳ್ಳು ಯಾಕೆ ಹೇಳ್ಲಿ," ಎಂದಳು. "ದೊಡ್ಡದು ಮಾಡಿ ಮಾಡಿ ನೋಡ್ದೆ. ಎಲ್ಲಾದ್ರೂ ಜಾರಿರ್ತಾಳೆ ಅಂತ ಪ್ರತಿ ತಿರುವೂ ಹುಡುಕಿದೆ. ಆಫೀಸಿನ ದೊಡ್ಡ ಸ್ಕ್ರೀನಲ್ಲೂ ಹಾಕಿ ನೋಡ್ದೆ. ಎಲ್ಲೂ ಜಾರಿಲ್ಲ ಅವಳು."

ಆಬಿದಾಳಿಗೆ ಏನು ಉತ್ತರ ಕೊಟ್ಟೆ ಎಂದು ಕೇಳಿದೆ.

"ಇನ್ನೂ ಕೊಟ್ಟಿಲ್ಲ," ಎಂದಳು. "ಕೊಡ್ಬೇಕು. ಎಷ್ಟು ಗಂಟೆಗೆ ಹೊರಟಿದ್ಲು ಅಂತ ಕೇಳ್ಬೇಕು ಮೊದಲು."